ಗಂಡನಿಗೆ ಸೋಂಕು ಅಂದ್ರೆ ಹೆಂಡತಿಗೂ ಟೆಸ್ಟ್ ಬೇಕಾ?

ಅಕ್ಕಾ, ನಿಮ್ಮ ಮೆಸೇಜ್ ನೋಡಿದೆ. ನಿಮ್ಮ ಗೆಳತಿಯ ಗಂಡನಿಗೆ ಉರಿಮೂತ್ರ, ಟೆಸ್ಟಲ್ಲಿ ಕ್ಲಮಿಡಿಯಾ (ಲೈಂಗಿಕ ಸಂಪರ್ಕದಿಂದ ಹರಡೋ ಬ್ಯಾಕ್ಟೀರಿಯಾ ಸೋಂಕು) ಬಂದಿದೆ. ಗೆಳತಿಗೆ ಏನೂ ತೊಂದರೆ ಇಲ್ಲ, ಹೋದ ತಿಂಗಳ ಪ್ಯಾಪ್ ಸ್ಮಿಯರೂ ನಾರ್ಮಲ್, ಆದ್ರೂ ಟೆಸ್ಟ್ ಬೇಕಾ ಅಂತ ತಾನೆ? ಬೇಕೇ ಬೇಕು. (ಆ ಗೆಳತಿ ಯಾರು ಅಂತ ಗ್ರೂಪಲ್ಲಿ ಯಾರೂ ಕೆದಕಬೇಡಿ.)

ಪ್ಯಾಪ್ ಸ್ಮಿಯರಲ್ಲಿ ನೋಡೋದು ಗರ್ಭಕೋಶದ ಬಾಯಿಯ ಜೀವಕೋಶ ಕ್ಯಾನ್ಸರ್ ಕಡೆಗೆ ತಿರುಗ್ತಿದೆಯಾ ಅಂತ. ಕ್ಲಮಿಡಿಯಾಗೆ, ಹಾಗೇ ಹರಡೋ ಗೊನೊರಿಯಾಗೆ ಅದು ಟೆಸ್ಟೇ ಅಲ್ಲ. ಕ್ಲಮಿಡಿಯಾ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ಲಕ್ಷಣವೇ ಇರಲ್ಲ, ತಿಂಗಳುಗಟ್ಟಲೆ ಸುಮ್ನೆ ಇರುತ್ತೆ. ಅದಕ್ಕೇ ಯಾರಿಂದ ಯಾರಿಗೆ ಬಂತು ಅನ್ನೋದು ರಿಪೋರ್ಟಿಂದ ಗೊತ್ತಾಗಲ್ಲ, ಆ ಜಗಳ ಈಗ ಬೇಡ.

ಲ್ಯಾಬಲ್ಲಿ 'ಕ್ಲಮಿಡಿಯಾ, ಗೊನೊರಿಯಾ ಪಿಸಿಆರ್' (ರೋಗಾಣುವಿನ ಜೀನ್ ಅಂಶ ಹುಡುಕೋ ಟೆಸ್ಟ್) ಅಂತಲೇ ಕೇಳಿ. ರಕ್ತದಲ್ಲಿ ಕ್ಲಮಿಡಿಯಾ ಆಂಟಿಬಾಡಿ ನೋಡೋ ಟೆಸ್ಟೂ ಇದೆ, ಇದಕ್ಕೆ ಅದು ದುಡ್ಡು ದಂಡ. ಹೆಂಗಸರಿಗೆ ಯೋನಿಯ ಸ್ವಾಬೇ (ಮಾದರಿ ತೆಗೆಯೋ ಹತ್ತಿಕಡ್ಡಿ) ಒಳ್ಳೇದು, ತಾವೇ ತಗೊಂಡ್ರೂ ನಡೆಯುತ್ತೆ. ಎರಡು ಇಂಚು ಒಳಗೆ ಹಾಕಿ, ಗೋಡೆಗೆ ತಾಗೋ ಹಾಗೆ 10ರಿಂದ 30 ಸೆಕೆಂಡ್ ತಿರುಗಿಸಿ, ಎಲ್ಲೂ ಕೆಳಗಿಡದೆ ನೇರ ಟ್ಯೂಬಿಗೆ. ಒಳಗಿನ ದ್ರವ ಚೆಲ್ಲಬಾರದು. ಮೂತ್ರವೇ ಕೊಡೋದಾದ್ರೆ ಒಂದು ಗಂಟೆ ತಡೆದು, ತೊಳೆದುಕೊಳ್ಳದೆ, ಶುರುವಿನ 20-30 ಎಂಎಲ್ ಮಾತ್ರ ಹಿಡೀಬೇಕು. ಎಡವಟ್ಟಾಗೋದು ಇಲ್ಲೇ. ಲ್ಯಾಬಿನವರು ಅಭ್ಯಾಸಬಲದಲ್ಲಿ "ಮೊದಲಿಂದು ಬಿಟ್ಟು ಮಧ್ಯದ್ದು ಹಿಡೀರಿ" ಅಂತಾರೆ. ಅದು ರೋಗಾಣು ಬೆಳೆಸಿ ನೋಡೋ ಮೂತ್ರದ ಕಲ್ಚರ್‌ಗೆ ಸರಿ. ಇಲ್ಲಿ ಹಾಗೆ ಮಾಡಿದ್ರೆ ಇರೋ ಸೋಂಕೂ ತಪ್ಪಿಹೋಗಬಹುದು.

ಜೊತೆಗೆ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ರಕ್ತಪರೀಕ್ಷೆ. ತುಂಬಾ ಬೇಗ ಮಾಡಿಸಿ ನೆಗೆಟಿವ್ ಬಂತು ಅಂತ ನಿಶ್ಚಿಂತೆಯಾಗಿ ಕೂರೋ ಹಾಗಿಲ್ಲ, ಮೂರು ತಿಂಗಳಿಗೆ ಇನ್ನೊಂದ್ಸಲ ಮಾಡಿಸ್ಲಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಲಹೆ, ಪರೀಕ್ಷೆ ಕೇಂದ್ರ) ಎಚ್‌ಐವಿ ಟೆಸ್ಟ್ ಉಚಿತ, ಗುಟ್ಟಾಗಿಡ್ತಾರೆ. ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಈ ಸೋಂಕುಗಳಿಗೇ ಡಾಕ್ಟರ್, ಔಷಧಿ ಸಿಗುತ್ತೆ. ಎಲ್ಲಿದೆ ಅಂತ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಬಹುದು.

ಗಂಡನಿಗೆ ಖಚಿತ ಆಗಿರೋದ್ರಿಂದ ರಿಪೋರ್ಟಿಗೆ ಕಾಯದೆ ಡಾಕ್ಟರ್ ಇವರಿಗೂ ಮಾತ್ರೆ ಬರೆದುಕೊಡ್ತಾರೆ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆರಡು ಸಲ, ಏಳು ದಿನ. ತುಂಬಾ ನೀರು ಕುಡೀಬೇಕು, ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಗಂಟಲು ಉರಿಯುತ್ತೆ. ಬಸುರಿಯಾಗಿದ್ರೆ ಅಥವಾ ಅನುಮಾನ ಇದ್ರೂ ಮೊದಲೇ ಹೇಳಲಿ, ಆಗ ಅಜಿತ್ರೊಮೈಸಿನ್ ಕೊಡ್ತಾರೆ. ಮೆಡಿಕಲ್ ಶಾಪಲ್ಲಿ ಬಿಳಿಸೆರಗಿಗೆ ಅಂತ ಕೊಡೋ ಮಾತ್ರೆಗಳ ಕಿಟ್ ಬೇಡ. ಅದನ್ನ ನುಂಗಿ ಟೆಸ್ಟಿಗೆ ಹೋದ್ರೆ ಫಲಿತಾಂಶ ನಂಬೋಕಾಗಲ್ಲ, ಗಂಡನ ಸೋಂಕಂತೂ ಹಾಗೇ ಉಳಿಯುತ್ತೆ.

ಇಬ್ಬರೂ ಒಟ್ಟಿಗೆ ಕೋರ್ಸ್ ಮುಗಿಸೋವರೆಗೂ ಸೇರಬಾರದು, ಕಾಂಡೋಮ್ ಇದ್ರೂ. ಒಬ್ಬರೇ ತಗೊಂಡ್ರೆ ಮತ್ತೆ ವಾಪಸ್ ಬರುತ್ತೆ. ಮೂರು ತಿಂಗಳಿಗೆ ಪಿಸಿಆರ್ ಮತ್ತೆ ಮಾಡಿಸಿ. ನಾಲ್ಕು ವಾರದೊಳಗೆ ಬೇಡ, ಸತ್ತ ಬ್ಯಾಕ್ಟೀರಿಯಾ ಅಂಶಕ್ಕೇ ಪಾಸಿಟಿವ್ ತೋರಿಸಬಹುದು. ಕಿಬ್ಬೊಟ್ಟೆ ನೋವು, ಜ್ವರ ಬಂದ್ರೆ ಮಾತ್ರ ಅವತ್ತೇ ಡಾಕ್ಟರ ಹತ್ರ ಹೋಗಲಿ. ಸೋಂಕು ಗರ್ಭನಾಳಕ್ಕೆ ಏರಿದ್ರೆ ಮುಂದೆ ಮಕ್ಕಳಾಗೋದಕ್ಕೇ ತೊಂದ್ರೆ.

ಆಮೇಲೆ, ಕಾಪರ್-ಟಿ, ಮಾತ್ರೆ, ಆಪರೇಷನ್ ಇವೆಲ್ಲ ಬಸಿರು ತಡೆಯೋಕಷ್ಟೇ, ಸೋಂಕು ತಡೆಯಲ್ಲ. ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ ಹಚ್ಚಿದ್ರೆ ರಬ್ಬರ್ ಹರಿಯುತ್ತೆ, ನೀರಿನ ಜೆಲ್ ಬಳಸಿ.