ಗಸ್ತು ನೌಕೆ ಸುಭದ್ರಾದಿಂದ ಧನುಷ್ ಕ್ಷಿಪಣಿ ಹಾರಿಸಿದ್ದೇಕೆ?

ಪ್ರಶ್ನೆ

ಸುಕನ್ಯಾ ವರ್ಗದ ಗಸ್ತು ನೌಕೆಯಾದ ಐಎನ್‌ಎಸ್ ಸುಭದ್ರಾದ ಮುಖ್ಯ ಆಯುಧವೆಂದರೆ ಮುಂಭಾಗದ 40 ಮಿಲಿಮೀಟರ್ ಬೋಫೋರ್ಸ್ ತೋಪು ಮಾತ್ರ. ಹೀಗಿದ್ದರೂ ಪೃಥ್ವಿ ಕ್ಷಿಪಣಿಯ ನೌಕಾ ರೂಪವಾದ ಧನುಷ್ 2000ದ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಹಾರಿದ್ದು ಇದೇ ನೌಕೆಯಿಂದ. ದೊಡ್ಡ ಯುದ್ಧನೌಕೆಗಳಿರುವಾಗ ಇದನ್ನೇ ಆರಿಸಿಕೊಂಡದ್ದೇಕೆ? ಇದನ್ನು ಎಲ್ಲಿ, ಯಾವ ಉದ್ದೇಶಕ್ಕೆ ಕಟ್ಟಲಾಯಿತು ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1

ಕರಾವಳಿಯಿಂದ 200 ನಾಟಿಕಲ್ ಮೈಲಿಗಳವರೆಗಿನ ವಿಶೇಷ ಆರ್ಥಿಕ ವಲಯವನ್ನು, ಅಂದರೆ ಮೀನು, ತೈಲದಂಥ ಸಂಪತ್ತಿನ ಮೇಲೆ ದೇಶಕ್ಕೆ ಹಕ್ಕಿರುವ ಸಮುದ್ರ ಪ್ರದೇಶವನ್ನು ಕಾಯಲು ದೂರ ಹೋಗಿ ಬಹಳ ದಿನ ನಿಲ್ಲಬಲ್ಲ, ಖರ್ಚು ಕಡಿಮೆಯಿರುವ ನೌಕೆಗಳು ಬೇಕಾಗಿದ್ದವು. ಸುಕನ್ಯಾ, ಸುಭದ್ರಾ, ಸುವರ್ಣಾ ನೌಕೆಗಳನ್ನು ದಕ್ಷಿಣ ಕೊರಿಯಾದ ಕೊರಿಯಾ ಟಕೋಮಾ ಸಂಸ್ಥೆಯೂ, ಸಾವಿತ್ರಿ, ಸರಯೂ, ಶಾರದಾ, ಸುಜಾತಾ ನೌಕೆಗಳನ್ನು ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್ ಕೂಡ ಕಟ್ಟಿದವು. ಸುಭದ್ರಾ ಸೇವೆಗೆ ಸೇರಿದ್ದು 1990ರಲ್ಲಿ. ಉದ್ದ ಸುಮಾರು 101 ಮೀಟರ್. ಎರಡು ಡೀಸೆಲ್ ಎಂಜಿನ್‌ಗಳು. ವೇಗ ಗಂಟೆಗೆ ಸುಮಾರು 21 ನಾಟಿಕಲ್ ಮೈಲಿ. ಸರಯೂ 2000ರಲ್ಲಿ ಶ್ರೀಲಂಕಾಕ್ಕೆ ಹೋಗಿ ‘ಸಯುರ’ ಆಯಿತು.

ಉತ್ತರ 2

ಮುಖ್ಯ ಪ್ರಶ್ನೆಗೆ ಉತ್ತರ ನೌಕೆಯ ಹಿಂಭಾಗದಲ್ಲಿದೆ. ಚೇತಕ್ ಹೆಲಿಕಾಪ್ಟರ್‌ಗಾಗಿ ಅಲ್ಲಿ ತೆರೆದ ಡೆಕ್ಕನ್ನೂ ಅದಕ್ಕೆ ಹೊಂದಿಕೊಂಡು ಹೆಲಿಕಾಪ್ಟರ್ ಇರಿಸುವ ಹ್ಯಾಂಗರನ್ನೂ ಮಾಡಿದ್ದರು. ಸುಮಾರು ಎಂಟೂವರೆ ಮೀಟರ್ ಉದ್ದದ, ನಾಲ್ಕು ಟನ್ನಿಗೂ ಹೆಚ್ಚು ತೂಗುವ ಕ್ಷಿಪಣಿಯನ್ನು ಹ್ಯಾಂಗರಿನೊಳಗೆ ಇರಿಸಿ, ಹೊರಗೆ ತಂದು ನೇರವಾಗಿ ನಿಲ್ಲಿಸಲು ಅಷ್ಟು ಜಾಗ ಸಾಕಾಯಿತು. ಆಯುಧಗಳಿಂದ ತುಂಬಿದ ಯುದ್ಧನೌಕೆಯಲ್ಲಿ ಇಂಥ ಪ್ರಯೋಗಕ್ಕಾಗಿ ಏನನ್ನಾದರೂ ಕಿತ್ತುಹಾಕಬೇಕಾಗುತ್ತಿತ್ತು. ಅಲೆಗಳ ಹೊಡೆತಕ್ಕೆ ನೌಕೆ ಹೊರಳಿದರೂ ಕ್ಷಿಪಣಿ ನೆಟ್ಟಗೆ ನಿಲ್ಲುವಂತೆ ಹೈಡ್ರಾಲಿಕ್ ವ್ಯವಸ್ಥೆಯ ವೇದಿಕೆಯನ್ನು ಅಳವಡಿಸಲಾಯಿತು. ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ನಿಜವಾದ ಸಾಧನೆ ಇದೇ. ಮೊದಲ ಪ್ರಯೋಗ ವಿಫಲವಾಯಿತು, 2001ರ ಸೆಪ್ಟೆಂಬರ್‌ನ ಪ್ರಯೋಗ ಫಲ ನೀಡಿತು. ಮುಂದೆ ಸುವರ್ಣಾಕ್ಕೂ ಇದೇ ವ್ಯವಸ್ಥೆ ಬಂದಿತು.

ಪ್ರಶ್ನೆ ಕೇಳಿದವರು

ವಿವರಣೆಗೆ ಧನ್ಯವಾದಗಳು. ಹಾಗಾದರೆ ಯುದ್ಧದಲ್ಲಿಯೂ ಈ ನೌಕೆಯಿಂದ ಧನುಷ್ ಪ್ರಯೋಗಿಸುವುದು ಕಾರ್ಯಸಾಧ್ಯವಾಗಿತ್ತೇ?

ಉತ್ತರ 2 ಬರೆದವರು

ಬಹಳ ಕಷ್ಟವಿತ್ತು. ಧನುಷ್‌ನ ವ್ಯಾಪ್ತಿ ಸುಮಾರು 350 ಕಿಲೋಮೀಟರ್ ಆದ್ದರಿಂದ, ತನ್ನನ್ನು ರಕ್ಷಿಸಿಕೊಳ್ಳಲು ಒಂದು ತೋಪು ಮತ್ತು ಕೆಲವು ಮೆಷಿನ್ ಗನ್‌ಗಳಷ್ಟೇ ಇರುವ ನೌಕೆ ಶತ್ರುವಿನ ತೀರಕ್ಕೆ ಅಪಾಯಕಾರಿಯಾಗುವಷ್ಟು ಹತ್ತಿರ ಹೋಗಬೇಕಾಗುತ್ತಿತ್ತು. ಜೊತೆಗೆ ಅದು ದ್ರವ ಇಂಧನದ ಕ್ಷಿಪಣಿ. ಇಂಧನ ಉರಿಯಲು ಆಮ್ಲಜನಕ ಒದಗಿಸುವ, ನೈಟ್ರಿಕ್ ಆಮ್ಲವನ್ನು ಒಳಗೊಂಡ ಉತ್ಕರ್ಷಕವನ್ನು ನಾವಿಕರು ವಾಸಿಸುವ ನೌಕೆಯಲ್ಲಿ ಹೊತ್ತು ಸಾಗುವುದು ಸಣ್ಣ ಅಪಾಯವಲ್ಲ.

ಉತ್ತರ 3

ಸುಭದ್ರಾದ ಸೇವೆಯನ್ನು ಧನುಷ್‌ನಿಂದ ಮಾತ್ರ ಅಳೆಯುವುದು ಸರಿಯಲ್ಲ. ಸೊಮಾಲಿಯಾದ ಕಡಲ್ಗಳ್ಳರು 2023ರ ಡಿಸೆಂಬರ್‌ನಲ್ಲಿ ಅಪಹರಿಸಿದ್ದ ‘ರುಯೆನ್’ ಸರಕು ಹಡಗನ್ನು 2024ರ ಮಾರ್ಚ್ 16ರಂದು ನೌಕಾಪಡೆ ಬಿಡಿಸಿದಾಗ, ಯುದ್ಧನೌಕೆ ಐಎನ್‌ಎಸ್ ಕೋಲ್ಕತ್ತಾಕ್ಕೆ ಬೆಂಬಲವಾಗಿ ನಿಂತದ್ದು ಇದೇ ನೌಕೆ. ವಾಯುಪಡೆಯ ಸಿ-17 ವಿಮಾನದಿಂದ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳನ್ನು ಸಮುದ್ರಕ್ಕಿಳಿಸಲಾಗಿತ್ತು. 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಗಾಯಗಳಿಲ್ಲದೆ ಬಿಡುಗಡೆ ಹೊಂದಿದರು. ಆಗ ಸುಭದ್ರಾ ಸೇವೆಗೆ ಸೇರಿ 34 ವರ್ಷಗಳಾಗಿದ್ದವು.