ಶಾಲೆ ಬಿಟ್ಟ ಮೇಲೆ ಮಗನನ್ನು ಎಲ್ಲಿ ಬಿಡಲಿ?

ಪ್ರಶ್ನೆ (ಬೆಂಗಳೂರಿನ ಒಬ್ಬ ತಾಯಿ)

ಮೇಡಂ, ನನ್ನ ಮಗನಿಗೆ ಎಂಟು ವರ್ಷ. ಆಟಿಸಂ ಇದೆ. ಸಾಮಾನ್ಯ ಶಾಲೆಯಲ್ಲೇ ಎರಡನೇ ಕ್ಲಾಸು ಓದುತ್ತಿದ್ದಾನೆ. ಎರಡು ಮೂರು ಪದ ಸೇರಿಸಿ ಮಾತಾಡುತ್ತಾನೆ. ಟಾಯ್ಲೆಟ್‌ಗೆ ಹೋಗಬೇಕು ಅಂದರೆ ಬಾಯಲ್ಲಿ ಹೇಳುವುದಿಲ್ಲ, ಕೈ ಹಿಡಿದು ಎಳೆಯುತ್ತಾನೆ. ಮೂರು ಗಂಟೆಗೆ ಶಾಲೆ ಬಿಡುತ್ತದೆ, ನಾನು ಮನೆ ಸೇರುವುದು ಆರೂವರೆಗೆ. ಇಷ್ಟು ದಿನ ಅತ್ತೆ ನೋಡಿಕೊಳ್ಳುತ್ತಿದ್ದರು. ಈಗ ಅವರಿಗೆ ಮಂಡಿ ಆಪರೇಷನ್ ಆಗಿದೆ, ಇವನ ಹಿಂದೆ ಓಡಲು ಆಗುವುದಿಲ್ಲ.

ಹತ್ತಿರದ ಮೂರು ಡೇ ಕೇರ್‌ಗೆ ಹೋದೆ. ಒಂದು ಕಡೆ ಆಟಿಸಂ ಅಂದ ಕೂಡಲೇ "ಸೀಟಿಲ್ಲ" ಅಂದರು. ಇನ್ನೊಂದು ಕಡೆ ಎರಡು ಪಟ್ಟು ಫೀಸು ಕೇಳಿದರು. ಮೂರನೆಯವರು ಸೇರಿಸಿಕೊಂಡರು, ನಾಲ್ಕನೇ ದಿನ ಫೋನ್ ಮಾಡಿ "ತುಂಬಾ ಕಿರುಚುತ್ತಿದ್ದಾನೆ, ಬಂದು ಕರೆದುಕೊಂಡು ಹೋಗಿ" ಅಂದರು. ವಿಶೇಷ ಮಕ್ಕಳಿಗೇ ಅಂತ ಇರುವ ಡೇ ಕೇರ್ ಎಲ್ಲಾದರೂ ಇದೆಯಾ? ಇಲ್ಲ, ನಾನೇ ಕೆಲಸ ಬಿಡಬೇಕಾ?

ಉತ್ತರ (ವಿಶೇಷ ಶಿಕ್ಷಕಿ)

ಕೆಲಸ ಬಿಡುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ತಿಂಗಳು ಬೇರೆ ರೀತಿ ಹುಡುಕಿ ನೋಡೋಣ.

"ವಿಶೇಷ ಮಕ್ಕಳ ಡೇ ಕೇರ್" ಅಂತ ಹುಡುಕಿದರೆ ನಿಮಗೆ ಸಿಗುವುದು ಹೆಚ್ಚಾಗಿ ಥೆರಪಿ ಸೆಂಟರ್‌ಗಳು. ಅಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆಯ ಸೆಷನ್ ಮುಗಿದರೆ ಮಗುವನ್ನು ಕರೆದುಕೊಂಡು ಹೊರಡಲೇಬೇಕು. ಕೇಂದ್ರದ ನ್ಯಾಷನಲ್ ಟ್ರಸ್ಟ್‌ನವರ ಯೋಜನೆಗಳೂ ಇವೆ. ಮೊದಲು ಹತ್ತು ವರ್ಷದೊಳಗಿನ ಮಕ್ಕಳಿಗೆ 'ದಿಶಾ', ಅದಕ್ಕಿಂತ ದೊಡ್ಡವರಿಗೆ 'ವಿಕಾಸ್' ಅಂತ ಬೇರೆ ಬೇರೆ ಇದ್ದವು, ಈಗ ಎರಡನ್ನೂ ಸೇರಿಸಿ 'ದಿಶಾ-ಕಮ್-ವಿಕಾಸ್' ಮಾಡಿದ್ದಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗಾಗಿ ನಡೆಯುವ ಹಗಲಿನ ಕೇಂದ್ರಗಳು ಅವು. ಟ್ರಸ್ಟ್‌ನಲ್ಲಿ ನೋಂದಾಯಿಸಿದ ಸಂಸ್ಥೆಗಳು ನಡೆಸುತ್ತವೆ. ನಿಮ್ಮ ಹತ್ತಿರ ಒಂದಿದ್ದರೆ ಫೋನ್ ಮಾಡಿ ಕೇಳಿ. ಆದರೆ ಮೂರರಿಂದ ಆರೂವರೆ ಅನ್ನುವ ಹೊತ್ತು ಅವರಿಗೂ ಕಷ್ಟವೇ.

ಹಾಗಾಗಿ ನಾನು ತಾಯಂದಿರಿಗೆ ಹೇಳುವುದು ಇಷ್ಟೇ. ಡೇ ಕೇರ್ ಹುಡುಕಬೇಡಿ, ಆಯಾನನ್ನು ಹುಡುಕಿ. ನಾವು ಹೋಗಿ ಮಾತಾಡುವುದು ಓನರ್ ಜೊತೆ. ಅವರ ರೂಮಿನಲ್ಲಿ ಗೋಡೆ ತುಂಬ ಬಣ್ಣದ ಚಿತ್ರ ಇರುತ್ತದೆ, ಮಾತು ನಯವಾಗಿರುತ್ತದೆ. ಮಗುವಿನ ಮೂಗು ಒರೆಸುವುದು, ಚಡ್ಡಿ ಬದಲಾಯಿಸುವುದು, ಕಿರುಚಿದಾಗ ಪಕ್ಕ ಕೂರುವುದು ಒಳಗಿರುವ ಆ ಅಕ್ಕ. ಅವರ ಜೊತೆ ನಾವು ಒಂದು ಮಾತೂ ಆಡಿರುವುದಿಲ್ಲ. ಸಂಜೆ ನಾಲ್ಕೂವರೆಗೆ ಹೋಗಿ. ಬೆಳಿಗ್ಗೆ ಹೋದರೆ ಎಲ್ಲ ಡೇ ಕೇರೂ ಚೆನ್ನಾಗಿಯೇ ಕಾಣುತ್ತದೆ. ನಾಲ್ಕೂವರೆಗೆ ಎಷ್ಟು ಮಕ್ಕಳಿರುತ್ತಾರೆ, ಎಷ್ಟು ಜನ ಆಯಾ ಇರುತ್ತಾರೆ, ಆಗ ಟಿವಿ ಎಷ್ಟು ಜೋರಾಗಿರುತ್ತದೆ ನೋಡಿ. ಯಾರ ಹತ್ತಿರ ಮಕ್ಕಳು ತಾವಾಗಿ ಹೋಗಿ ಒರಗಿ ಕೂರುತ್ತಾರೆ ಅದನ್ನೂ ನೋಡಿ. ನಿಮಗೆ ಬೇಕಾದವರು ಅವರೇ.

ಇನ್ನು ನಾಲ್ಕನೇ ದಿನದ ಫೋನ್. "ತುಂಬಾ ಕಿರುಚುತ್ತಾನೆ" ಅನ್ನುವಷ್ಟಕ್ಕೇ ನಿಲ್ಲಬೇಡಿ. ಎಷ್ಟು ಗಂಟೆಗೆ ಶುರುವಾಯಿತು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಅಂತ ಕೇಳಿ. ನಾನು ನೋಡಿದ ಒಬ್ಬ ಹುಡುಗ ದಿನಾ ನಾಲ್ಕು ಗಂಟೆಗೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ಅವನಿಗೆ ಅಮ್ಮ ನೆನಪಾಗುತ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದರು. ಕಾರಣ ಪಕ್ಕದ ಅಡುಗೆಮನೆಯ ಕುಕ್ಕರ್ ವಿಶಲ್. ಬೇಳೆ ಬೇಯಿಸುವ ಹೊತ್ತಿಗೆ ಅವನನ್ನು ಹೊರಗಡೆ ಗಿಡಕ್ಕೆ ನೀರು ಹಾಕಲು ಕರೆದುಕೊಂಡು ಹೋದರು, ಮುಗಿಯಿತು. ಎಲ್ಲ ಸಲ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಹಸಿವು, ಸದ್ದು, ಬಿಗಿಯಾದ ಯೂನಿಫಾರ್ಮ್, ತಾನು ಕೂರುವ ಜಾಗದಲ್ಲಿ ಬೇರೆ ಮಗು ಕೂತಿರುವುದು, ಈ ನಾಲ್ಕನ್ನು ಮೊದಲು ನೋಡಿ.

ಇನ್ನೊಂದು ವಿಷಯ. ಆ ಮೂರೂವರೆ ಗಂಟೆಯಲ್ಲಿ ಹೋಂವರ್ಕು, ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಷನಲ್ ಥೆರಪಿ) ಎಲ್ಲ ತುರುಕಬೇಡಿ. ಬೆಳಿಗ್ಗೆಯಿಂದ ನಲವತ್ತು ಮಕ್ಕಳ ಗಲಾಟೆಯಲ್ಲಿ ಸುಮ್ನೆ ಕೂತು ಬಂದಿರುತ್ತಾನೆ. ಅದೇ ಅವನಿಗೆ ದೊಡ್ಡ ಕೆಲಸ. ಬಟ್ಟೆ ಬದಲಾಯಿಸಿ, ಏನಾದರೂ ತಿಂದು, ಒಂದು ಮೂಲೆಯಲ್ಲಿ ಅವನ ಪಾಡಿಗೆ ಅವನು ಅರ್ಧ ಗಂಟೆ ಇರಲಿ.

ಪ್ರಶ್ನೆ (ಅದೇ ತಾಯಿ)

ಮೇಡಂ, ನಾನು ಅವರಿಗೆ ಡಾಕ್ಟರ್ ರಿಪೋರ್ಟ್ ಕೊಟ್ಟಿದ್ದೆ. ಆದರೂ ಅವರಿಗೆ ಏನೂ ಗೊತ್ತಿರಲಿಲ್ಲ. ಮುಂದಿನ ಸಲ ರಿಪೋರ್ಟ್ ತೋರಿಸದೆ, ಆಟಿಸಂ ಅಂತ ಹೇಳದೇ ಸೇರಿಸಿದರೆ ಹೇಗೆ?

ಉತ್ತರ

ಹೇಳದೇ ಸೇರಿಸಬೇಡಿ. ಎರಡೇ ದಿನಕ್ಕೆ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಯಾವ ಮಾತನ್ನೂ ಅವರು ನಂಬುವುದಿಲ್ಲ. ಮಗು ಗೇಟು ದಾಟಿ ಓಡುವ ಅಭ್ಯಾಸದವನಾಗಿದ್ದರೆ ಅದನ್ನು ಮುಚ್ಚಿಡುವುದು ಅಪಾಯ ಕೂಡ. ಆದರೆ ಆಟಿಸಂ ಅನ್ನುವ ಪದದಿಂದ ಮಾತು ಶುರು ಮಾಡಬೇಡಿ. "ನನ್ನ ಮಗ ಜಾಸ್ತಿ ಮಾತಾಡಲ್ಲ, ಸದ್ದಿಗೆ ಹೆದರುತ್ತಾನೆ, ಬ್ಲಾಕ್ಸ್ ಕೊಟ್ಟರೆ ಒಂದು ಗಂಟೆ ಆಡುತ್ತಾನೆ, ಇದಕ್ಕೆ ಆಟಿಸಂ ಅಂತಾರೆ" ಅನ್ನಿ. ಮೊದಲು ಮಗು, ಆಮೇಲೆ ಹೆಸರು.

ರಿಪೋರ್ಟ್ ವಿಷಯಕ್ಕೆ ಬಂದರೆ ತಪ್ಪು ನಮ್ಮಂಥವರದ್ದೇ. ಮೊದಲ ಐದಾರು ವರ್ಷ ನಾನೂ ಹತ್ತು ಪುಟದ ಇಂಗ್ಲಿಷ್ ರಿಪೋರ್ಟ್ ಬರೆದು ಕೊಡುತ್ತಿದ್ದೆ. ಒಂದು ದಿನ ಒಂದು ಡೇ ಕೇರ್‌ಗೆ ಹೋದಾಗ ನೋಡಿದೆ, ಅದು ಫೈಲಿನಲ್ಲಿ ಮಡಚಿದ ಹಾಗೇ ಇತ್ತು. ಆಯಾಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಈಗ ಒಂದೇ ಹಾಳೆ, ಕನ್ನಡದಲ್ಲಿ, ದಪ್ಪ ಅಕ್ಷರ. ಏನು ತಿನ್ನುತ್ತಾನೆ, ಟಾಯ್ಲೆಟ್ ಬೇಕಾದರೆ ಏನು ಮಾಡುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಅತ್ತರೆ ಏನು ಮಾಡಬೇಕು, ಏನು ಮಾಡಲೇಬಾರದು, ಅಷ್ಟೇ. ಬೆಂಗಳೂರಿನಲ್ಲಿ ಆಯಾ ಮಾತಾಡುವುದು ತಮಿಳೋ ತೆಲುಗೋ ಆಗಿರಬಹುದು, ಓದಲು ಬರದೆಯೂ ಇರಬಹುದು. ಹಾಗಿದ್ದರೆ ವಾಟ್ಸಾಪ್‌ನಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕೊಡಿ. ಅವರ ಭಾಷೆ ಬರುವ ಯಾರ ಹತ್ತಿರವಾದರೂ ಹೇಳಿಸಿ.

ಮೊದಲ ವಾರ ಪೂರ್ತಿ ಹೊತ್ತು ಬಿಡಬೇಡಿ. ದಸರಾ ರಜೆಯಂಥ ಸಮಯ ಒಳ್ಳೆಯದು. ಎರಡು ದಿನ ನೀವೂ ಕೂರಿ. ಆಮೇಲೆ ಅರ್ಧ ಗಂಟೆ, ಒಂದು ಗಂಟೆ, ಹೀಗೆ ಹೆಚ್ಚಿಸಿ. ಬಿಟ್ಟು ಹೊರಡುವಾಗ ಕದ್ದು ಬರಬೇಡಿ, ಟಾಟಾ ಹೇಳಿಯೇ ಬನ್ನಿ. ಅತ್ತರೂ ಪರವಾಗಿಲ್ಲ.

ಪ್ರತಿಕ್ರಿಯೆ (ಡೇ ಕೇರ್ ನಡೆಸುವವರು, ಮೈಸೂರು)

ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ಸಂಜೆ ನನ್ನ ಹತ್ತಿರ ಹದಿನೆಂಟು ಮಕ್ಕಳು, ಇಬ್ಬರು ಆಯಾ. ಒಂದು ಮಗು ಇನ್ನೊಂದನ್ನು ಕಚ್ಚಿದರೆ ಕಚ್ಚಿಸಿಕೊಂಡ ಮಗುವಿನ ಅಪ್ಪ ಅಮ್ಮ ಮರುದಿನ ಗೇಟಿನಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಮನಸ್ಸಿಲ್ಲ ಅಂತಲ್ಲ, ನಮಗೆ ಹೆದರಿಕೆ.

ಉತ್ತರ

ನೀವು ಬಾಯಿಬಿಟ್ಟು ಹೇಳಿದಿರಲ್ಲ, ಒಳ್ಳೆಯದಾಯಿತು. ಬಹಳ ಜನ "ಸೀಟಿಲ್ಲ" ಅನ್ನುವುದರ ಹಿಂದೆ ಇರುವುದು ಇದೇ. ನಿಮ್ಮ ಊರಿನಲ್ಲೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸೇರುವ ಮಗು ಅಲ್ಲಿಗೆ ಹೋಗುತ್ತಿದ್ದರೆ, ತಾಯಿಯ ಜೊತೆ ನಿಮ್ಮ ಆಯಾ ಕೂಡ ಒಂದು ದಿನ ಹೋಗಿ ಥೆರಪಿಸ್ಟ್ ಹತ್ತಿರ ಮಾತಾಡಲಿ. ಕಚ್ಚುವ ಮಗು ಹೆಚ್ಚಾಗಿ ಹೇಳಲು ಮಾತಿಲ್ಲದೆ ಕಚ್ಚುತ್ತದೆ. "ಬೇಡ" ಅನ್ನುವ ಒಂದು ಸನ್ನೆ ಕಲಿತರೆ ಅದು ಎಷ್ಟೋ ಕಡಿಮೆಯಾಗುತ್ತದೆ.

ತಾಯಂದಿರಿಗೂ ಒಂದು ಮಾತು. ಹೆಚ್ಚಿಗೆ ಫೀಸು ಕೇಳಿದರೆ ಕೂಡಲೇ ಸಿಟ್ಟಾಗಬೇಡಿ, ಆ ದುಡ್ಡಿಗೆ ಒಬ್ಬ ಆಯಾ ಜಾಸ್ತಿ ಬರುತ್ತಾರಾ ಅಂತ ಕೇಳಿ. ಬರುತ್ತಾರೆ ಅಂದರೆ ಚರ್ಚೆ ಮಾಡಬಹುದು. ಇಲ್ಲ ಅಂದರೆ ಅದು ಬರೀ ದಂಡ.

ಪ್ರಶ್ನೆ (ಹಾಸನ ಜಿಲ್ಲೆಯ ಒಬ್ಬ ತಂದೆ)

ನಮ್ಮದು ಹಳ್ಳಿ. ಇಲ್ಲಿ ಡೇ ಕೇರ್ ಅನ್ನುವುದೇ ಇಲ್ಲ. ಮಗಳಿಗೆ ಹತ್ತು ವರ್ಷ, ಸೆರೆಬ್ರಲ್ ಪಾಲ್ಸಿ, ಆಗಾಗ ಫಿಟ್ಸ್ ಬರುತ್ತದೆ. ಸರ್ಕಾರಿ ಶಾಲೆಗೆ ಹೋಗುತ್ತಾಳೆ. ನಾವಿಬ್ಬರೂ ತೋಟದಿಂದ ಬರುವಾಗ ಕತ್ತಲಾಗುತ್ತದೆ. ಪಕ್ಕದ ಮನೆಯ ಅಜ್ಜಿ ನೋಡಿಕೊಳ್ಳುತ್ತೇನೆ ಅಂತಾರೆ, ಆದರೆ ಫಿಟ್ಸ್ ಬಂದರೆ ಏನು ಮಾಡುವುದು ಅಂತ ಅವರಿಗೆ ಭಯ.

ಉತ್ತರ

ಅಂಗನವಾಡಿ ಆರು ವರ್ಷದವರೆಗೆ, ಪಂಚಾಯಿತಿಯ ಶಿಶುಪಾಲನಾ ಕೇಂದ್ರ 'ಕೂಸಿನ ಮನೆ' ಪುಟ್ಟ ಕೂಸುಗಳಿಗೆ. ಹತ್ತು ವರ್ಷದವಳಿಗೆ ಸಂಜೆ ಹೊತ್ತು ಅಂತ ಏನೂ ಇಲ್ಲ, ನಿಜ. ಹಾಗಾಗಿ ಆ ಅಜ್ಜಿಯೇ ನಿಮಗೆ ದೊಡ್ಡ ಆಸರೆ. ಅವರನ್ನು ಬಿಡಬೇಡಿ. ಅವರ ಭಯ ಹೋಗಿಸಿ.

ಫಿಟ್ಸ್ ಬಂದಾಗ ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಬೇಕು. ತಲೆ ಕೆಳಗೆ ಮಡಚಿದ ಟವೆಲ್ ಇಡಬೇಕು. ಕುತ್ತಿಗೆ ಹತ್ತಿರ ಬಟ್ಟೆ ಸಡಿಲ ಮಾಡಬೇಕು. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬಾರದು. ಕೈಕಾಲು ಬಿಗಿಯಾಗಿ ಹಿಡಿಯಬಾರದು. ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಅಜ್ಜಿ ಕೊಟ್ಟೇ ಕೊಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಇನ್ನೊಂದು ಸಲ ಬಂದರೆ 108ಕ್ಕೆ ಫೋನ್ ಮಾಡಬೇಕು. ಇದನ್ನು ಅಜ್ಜಿಗೆ ಬಾಯಲ್ಲಿ ಹೇಳಿದರೆ ಸಾಲದು, ಮಗಳನ್ನು ಆಟದ ಹಾಗೆ ಮಲಗಿಸಿ ಎರಡು ಸಲ ಮಾಡಿ ತೋರಿಸಿ. ಮಾತ್ರೆ ಒಂದು ಹೊತ್ತೂ ತಪ್ಪಬಾರದು.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲ ಅಂದರೆ ಅವರನ್ನು ಹಿಡಿಯಿರಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಅನ್ನುವ ಶಿಕ್ಷಕರಿದ್ದಾರೆ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವವರು. ಮಗಳಿಗೆ ಸರಿಯಾದ ಕುರ್ಚಿ ಬೇಕಾ, ಮನೆಯಲ್ಲಿ ಏನು ವ್ಯಾಯಾಮ ಮಾಡಿಸಬೇಕು, ಅವರನ್ನು ಕೇಳಿ. ಆ ಶಿಕ್ಷಕರನ್ನು ಅಜ್ಜಿಯ ಮನೆಗೂ ಒಂದು ಸಲ ಕರೆದುಕೊಂಡು ಹೋಗಿ. ಮತ್ತೆ ಅಜ್ಜಿ ಬೇಡ ಅಂದರೂ ತಿಂಗಳಿಗೆ ಇಷ್ಟು ಅಂತ ಕೊಡಿ. ಪುಕ್ಕಟೆ ಉಪಕಾರವನ್ನು ದಿನಾ ಕೇಳಲು ನಿಮಗೂ ಮುಜುಗರ, ಹಬ್ಬಕ್ಕೆ ಮಗಳ ಮನೆಗೆ ಹೊರಡುವಾಗ ಹೇಳಲು ಅವರಿಗೂ ಮುಜುಗರ.

ಪ್ರಶ್ನೆ (ತಾಯಿ, ಹುಬ್ಬಳ್ಳಿ)

ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ಅವಳ ಶಾಲೆಯಲ್ಲೇ ಐದು ಗಂಟೆವರೆಗೆ ಡ್ಯಾನ್ಸು, ಆಟ ಇದೆ. ಉಳಿದ ಮಕ್ಕಳೆಲ್ಲ ಇರುತ್ತಾರೆ. ಇವಳನ್ನು ಮಾತ್ರ "ಜವಾಬ್ದಾರಿ ತಗೊಳ್ಳೋಕೆ ಆಗಲ್ಲ" ಅಂತ ಮೂರು ಗಂಟೆಗೇ ಕಳಿಸುತ್ತಾರೆ.

ಉತ್ತರ

ನಿಮ್ಮ ಕೈಯಲ್ಲಿ ಕಾನೂನಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ನೋಡಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಈ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು ಅನ್ನುವುದರ ಜೊತೆಗೆ, ಆಟ ಮನರಂಜನೆಯ ಅವಕಾಶವೂ ಬೇರೆ ಮಕ್ಕಳಿಗೆ ಸಮನಾಗಿ ಸಿಗಬೇಕು ಅಂತ ಅದರಲ್ಲಿದೆ. ಡ್ಯಾನ್ಸ್ ಕ್ಲಾಸ್ ಶಾಲೆಯದ್ದೇ ಅಂದಮೇಲೆ ಇದನ್ನು ಹಿಡಿದು ಕೇಳಬಹುದು. ಬಾಯಿಮಾತಿನಲ್ಲಿ ಬೇಡ, ಒಂದು ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ. ಬರೆದು ಕೊಡಿ ಅಂದ ಕೂಡಲೇ ಎಷ್ಟೋ ಕಡೆ ದನಿ ಮೆತ್ತಗಾಗುತ್ತದೆ. ಆಗಲೂ ಒಪ್ಪದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು.

ಜಗಳಕ್ಕೆ ಹೋಗುವ ಮುಂಚೆ ಒಂದು ದಾರಿ ಇದೆ. "ಮೊದಲ ಎರಡು ವಾರ ನಾನೋ ಅವಳ ಅಕ್ಕನೋ ಬಂದು ಕೂರುತ್ತೇವೆ" ಅಂತ ಹೇಳಿ ನೋಡಿ. ಡ್ಯಾನ್ಸ್ ಟೀಚರ್‌ಗೆ ಅವಳು ಇಷ್ಟವಾದರೆ ಉಳಿದದ್ದು ತಾನಾಗಿ ಆಗುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೃದಯದ ತೊಂದರೆ ಇರುವುದುಂಟು, ಕುತ್ತಿಗೆಯ ಮೂಳೆ ಸಡಿಲ ಇರುವುದೂ ಉಂಟು. ಪಲ್ಟಿ ಹೊಡೆಸುವ ಆಟಕ್ಕೆ ಮುಂಚೆ ಡಾಕ್ಟರನ್ನು ಕೇಳಿ, ಅವರ ಚೀಟಿಯನ್ನೂ ಶಾಲೆಗೆ ಕೊಡಿ. ಅವರ "ಜವಾಬ್ದಾರಿ" ಭಯ ಅಲ್ಲಿಗೆ ಅರ್ಧ ಇಳಿಯುತ್ತದೆ.

ಪ್ರಶ್ನೆ (ತಂದೆ, ಬೆಂಗಳೂರು)

ಖರ್ಚಿಗೆ ಏನಾದರೂ ಸಹಾಯ ಇದೆಯಾ? ನಾನು ಕೇಂದ್ರ ಸರ್ಕಾರಿ ನೌಕರ, ಹೆಂಡತಿಯೂ ಅಷ್ಟೇ.

ಉತ್ತರ

ಡೇ ಕೇರ್ ಫೀಸಿಗೆ ನೇರವಾಗಿ ಇಲ್ಲ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಅದರೊಳಗೆ ಥೆರಪಿಗೂ ಒಂದು ಪಾಲಿದೆ. ತೆರಿಗೆಯಲ್ಲಿ ಹಳೇ ಪದ್ಧತಿ ಆರಿಸಿಕೊಂಡಿದ್ದರೆ ವೈಕಲ್ಯ ಇರುವ ಅವಲಂಬಿತರಿಗಾಗಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 80ಡಿಡಿ) 75,000, ವೈಕಲ್ಯ 80 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿಯನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ನಿಮ್ಮ ಹೆಂಡತಿಗೆ ಇಡೀ ಸೇವೆಯಲ್ಲಿ 730 ದಿನ ಮಕ್ಕಳ ಆರೈಕೆ ರಜೆ ಇದೆ. ವೈಕಲ್ಯ ಇರುವ ಮಗುವಾದರೆ ಮಗುವಿನ ವಯಸ್ಸಿನ ಮಿತಿ ಇಲ್ಲ. ಅದನ್ನು ಒಂದೇ ಸಲ ಮುಗಿಸಬೇಡಿ, ಡೇ ಕೇರ್ ಬದಲಾಯಿಸುವ ವಾರಗಳಿಗೆ ಇಟ್ಟುಕೊಳ್ಳಿ.

ಪ್ರಶ್ನೆ (ಹೆಸರು ಬೇಡ ಅಂದ ತಾಯಿ)

ಮಗಳು ಮಾತಾಡುವುದಿಲ್ಲ. ಏನಾದರೂ ಆದರೆ ನನಗೆ ಹೇಗೆ ಗೊತ್ತಾಗುತ್ತದೆ? ಈ ಒಂದು ಕಾರಣಕ್ಕೆ ಎಲ್ಲೂ ಬಿಟ್ಟಿಲ್ಲ.

ಉತ್ತರ

ಈ ಭಯ ಇರಬೇಕಾದದ್ದೇ. ಸಿಸಿಟಿವಿ ಇದೆ ಅಂದರೆ ಸಮಾಧಾನ ಪಡಬೇಡಿ, ಟಾಯ್ಲೆಟ್‌ನಲ್ಲಿ ಕ್ಯಾಮೆರಾ ಇರುವುದಿಲ್ಲ. ಟಾಯ್ಲೆಟ್‌ಗೆ ಯಾರು ಕರೆದುಕೊಂಡು ಹೋಗುತ್ತಾರೆ, ಆಗ ಇನ್ನೊಬ್ಬರು ಹತ್ತಿರದಲ್ಲಿ ಇರುತ್ತಾರಾ ಅಂತ ನೇರವಾಗಿ ಕೇಳಿ. ಹೇಳದೇ ಕೇಳದೇ ಯಾವಾಗ ಬೇಕಾದರೂ ಬರಬಹುದಾ ಅಂತಲೂ ಕೇಳಿ. ಈ ಪ್ರಶ್ನೆಗೆ ಮುಖ ಗಂಟಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ. ಮಾತಿಲ್ಲದ ಮಗು ಮೈಯಲ್ಲಿ ಹೇಳುತ್ತದೆ. ಇದ್ದಕ್ಕಿದ್ದಂತೆ ಸ್ನಾನ ಬೇಡ ಅನ್ನುವುದು, ಒಬ್ಬರನ್ನು ಕಂಡರೆ ಬೆನ್ನ ಹಿಂದೆ ಅಡಗುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು. ಇವಕ್ಕೆ ಬೇರೆ ಕಾರಣವೂ ಇರಬಹುದು. ಆದರೂ ಡಾಕ್ಟರಿಗೆ ತೋರಿಸಿ. ಅನುಮಾನ ಗಟ್ಟಿಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ವ್ಯಾನಿನವರ ಬಗ್ಗೆಯೂ ಇದೇ ಪ್ರಶ್ನೆಗಳನ್ನು ಕೇಳಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಮುಂದುವರಿಕೆ (ಮೊದಲು ಕೇಳಿದ ತಾಯಿ, ಐದು ವಾರದ ನಂತರ)

ಮೇಡಂ, ನಾಲ್ಕೂವರೆಗೆ ಹೋಗಿ ನೋಡಿದೆ. ಫೀಸು ಜಾಸ್ತಿ ಕೇಳಿದ್ದ ಕಡೆಯೇ ಒಬ್ಬ ಅಕ್ಕ ಸಿಕ್ಕಿದರು. ಅವರ ತಮ್ಮನೂ ಮಾತಾಡುತ್ತಿರಲಿಲ್ಲವಂತೆ. ನನ್ನ ಹಾಳೆಯನ್ನು ಅವರೇ ಪಾತ್ರೆ ಇಡುವ ಶೆಲ್ಫಿಗೆ ಅಂಟಿಸಿಕೊಂಡಿದ್ದಾರೆ. ಓನರ್ ಜೊತೆ ಮಾತಾಡಿ ಫೀಸು ಸ್ವಲ್ಪ ಇಳಿಯಿತು. ಮಗ ಬಂದ ಕೂಡಲೇ ಮಂಡಕ್ಕಿ ಡಬ್ಬ ಹಿಡಿದುಕೊಂಡು ಮೇಜಿನ ಕೆಳಗೆ ಕೂರುತ್ತಾನಂತೆ. ಅರ್ಧ ಗಂಟೆ ಆದಮೇಲೆ ತಾನೇ ಹೊರಗೆ ಬರುತ್ತಾನೆ. ಮೇಜಿನ ಕೆಳಗೆ ಕೂರುವುದು ಬಿಡಿಸಬೇಕಾ?

ಉತ್ತರ

ಬೇಡ. ಒಂದು ಚಾಪೆ ಹಾಸಿ ಕೊಡಿ. ಮತ್ತೆ ಆ ಅಕ್ಕ ರಜೆ ಹಾಕಿದ ದಿನ ಯಾರು ಇರುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.