‘ಕ್ಲಚ್ ಲೂಸ್’ ಅಂದರೆ ಯಾವುದು ಲೂಸ್? ಪೆಡಲ್ಲಿನ ‘ಫ್ರೀ ಪ್ಲೇ’ಗೆ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಕ್ಲಚ್ ಪೆಡಲ್ ಒತ್ತಿದಾಗ ಮೊದಲು ಸ್ವಲ್ಪ ದೂರ ಅದು ಸುಮ್ನೆ ಕೆಳಗಿಳಿಯುತ್ತದೆ. ಕಾಲಿಗೆ ಭಾರ ಸಿಗುವುದಿಲ್ಲ, ಒಳಗೆ ಏನೂ ಆಗಿರುವುದಿಲ್ಲ. ಆಮೇಲೆ ಭಾರ ಸಿಗುತ್ತದೆ, ಕ್ಲಚ್ ಕೆಲಸ ಶುರು ಮಾಡುತ್ತದೆ. ಆ ಮೊದಲ ಖಾಲಿ ದೂರಕ್ಕೆ ಗ್ಯಾರೇಜುಗಳಲ್ಲಿ ‘ಫ್ರೀ ಪ್ಲೇ’ ಅಥವಾ ಬರೀ ‘ಪ್ಲೇ’ ಅನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನು ಹೇಳಬಹುದು? ‘ಸಡಿಲ’ ಅಂತ ಬರೆದರೆ ಸಾಕು ಅನ್ನುವವರಿದ್ದಾರೆ. ಆದರೆ ಆ ಪದದಿಂದ ಗಾಡಿಗೇ ಪೆಟ್ಟು ಬೀಳುತ್ತದೆ. ಹೇಗೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೂಡಿಗೆರೆ ಹತ್ತಿರ ನಮ್ಮ ಮಾವನ ಕಾಫಿ ತೋಟದಲ್ಲಿ ಒಂದು ಹಳೇ ಎಂಜಿ ಟಿಡಿ ಇದೆ. ಎರಡೇ ಸೀಟಿನ, ಟಾಪು ಮಡಚುವ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1949ರಿಂದ 1953ರವರೆಗೆ ತಯಾರಾದ ಗಾಡಿ, 1250 ಸಿಸಿ ಎಂಜಿನ್. ಮೊದಮೊದಲು ಬಂದ ಟಿಡಿಗಳಲ್ಲಿ ಪೆಡಲ್ಲಿನಿಂದ ಕ್ಲಚ್ಚಿಗೆ ಕೇಬಲ್ ಇತ್ತು, ಆಮೇಲೆ ಬಂದವಕ್ಕೆ ಕೇಬಲ್ ಬದಲು ಸಲಾಕೆ ಹಾಕಿದರು. ಮಾವನದು ಕೇಬಲ್ ಗಾಡಿ. ತೋಟದ ಜೀಪು, ಟ್ರ್ಯಾಕ್ಟರ್ ನೋಡಿಕೊಳ್ಳುವ ಹುಡುಗರೇ ಇದನ್ನೂ ನೋಡಿಕೊಳ್ಳುತ್ತಾರೆ. ಅವರಿಗೆ ಓದಲು ಬರುವ ಹಾಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡು ಅಂತ ಮಾವ ಕೇಳಿದ್ದಾರೆ. ಬೇರೆ ಎಲ್ಲ ಸಲೀಸಾಗಿ ಬಂತು. ಕ್ಲಚ್ ಕೇಬಲ್ ಹೊಂದಿಸುವ ಪುಟ ಮಾತ್ರ ಮುಂದೆ ಹೋಗುತ್ತಿಲ್ಲ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ಎಂಜಿನ್ನಿನ ಫ್ಲೈವೀಲ್‌ಗೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಫ್ಲೈವೀಲ್ ಅಂದರೆ ಎಂಜಿನ್ ತಿರುಗಿಸುವ ಭಾರದ ಚಕ್ರ. ಪ್ಲೇಟ್ ಅದನ್ನು ಹಿಡಿದಿದ್ದಾಗ ಮಾತ್ರ ಎಂಜಿನ್ನಿನ ಶಕ್ತಿ ಗಾಲಿಗೆ ಹೋಗುತ್ತದೆ. ಪೆಡಲ್ ತುಳಿದಾಗ ಕೇಬಲ್ ಒಂದು ತೋಳನ್ನು ಜಗ್ಗುತ್ತದೆ. ಆ ತೋಳು ರಿಲೀಸ್ ಬೇರಿಂಗನ್ನು ಮುಂದೆ ತಳ್ಳುತ್ತದೆ. ಬೇರಿಂಗ್ ಹೋಗಿ ಒತ್ತಿದಾಗ ಸ್ಪ್ರಿಂಗಿನ ಹಿಡಿತ ತಪ್ಪಿ ಪ್ಲೇಟ್ ಬಿಡುಗಡೆಯಾಗುತ್ತದೆ. ಕಾಲು ತೆಗೆದಾಗ ಬೇರಿಂಗ್ ಹಿಂದೆ ಸರಿದು, ಏನನ್ನೂ ಮುಟ್ಟದೆ ನಿಲ್ಲಬೇಕು. ಅಲ್ಲಿ ಉಳಿಯುವ ಚಿಕ್ಕ ಸಂದೇ ಪೆಡಲ್ ಹತ್ತಿರ ಬರುವಾಗ ದೊಡ್ಡದಾಗಿ, ಸುಮಾರು ಮುಕ್ಕಾಲು ಇಂಚಿನ ಖಾಲಿ ನಡೆಯಾಗಿ ಕಾಣುತ್ತದೆ. ಟಿಡಿಯಲ್ಲಿ ಈ ಸಂದು ಇನ್ನೂ ಮುಖ್ಯ. ಯಾಕೆಂದರೆ ಅದರ ರಿಲೀಸ್ ಬೇರಿಂಗ್ ಈಗಿನ ಗಾಡಿಗಳ ಹಾಗೆ ಗುಂಡುಗಳ ಬೇರಿಂಗ್ ಅಲ್ಲ, ಕಾರ್ಬನ್ನಿನ ಒಂದು ಬಳೆ. ಸಂದು ಇಲ್ಲದೆ ಹೋದರೆ ಅದು ಇಡೀ ದಿನ ಉಜ್ಜಿಕೊಂಡೇ ಇದ್ದು ಬೇಗ ಸವೆಯುತ್ತದೆ.

ಈಗ ಪದದ ವಿಷಯ. ಗಾಡಿ ಕೊಟ್ಟಿಗೆಹಾರದ ಕಡೆ ಏರು ಹತ್ತುತ್ತಿದೆ ಅಂತಿಟ್ಟುಕೊಳ್ಳಿ. ಎಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಓಡಿಸುವವರು ಇದನ್ನು ‘ಕ್ಲಚ್ ಲೂಸ್ ಆಗಿದೆ’ ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಹಿಡಿತ ಲೂಸ್ ಅಂತ. ಮಾವನೂ ಪೇಟೆಯ ಒಂದು ಗ್ಯಾರೇಜಿನಲ್ಲಿ ಹಾಗೇ ಹೇಳಿದ್ದರು, ‘ಕ್ಲಚ್ ಲೂಸ್ ಆದಂಗಿದೆ ಕಣಪ್ಪ, ಸ್ವಲ್ಪ ನೋಡು’ ಅಂತ. ಹುಡುಗ ‘ಆಯ್ತು ಸಾರ್, ಟೈಟ್ ಮಾಡಿಕೊಡ್ತೀನಿ’ ಅಂದ. ಕೇಬಲ್ಲಿನ ಅಡ್ಜಸ್ಟರ್ ತಿರುಗಿಸಿ ಬಿಗಿ ಮಾಡಿದ. ಬಿಗಿ ಮಾಡಿದ್ದರಿಂದ ಉಳಿದಿದ್ದ ಚೂರು ಸಂದೂ ಹೋಯಿತು. ಬೇರಿಂಗ್ ಸದಾ ಒತ್ತಿಕೊಂಡು ನಿಂತಿತು. ಕ್ಲಚ್ ಮೊದಲಿಗಿಂತ ಜಾಸ್ತಿ ಜಾರತೊಡಗಿತು. ಬೇಕಾಗಿದ್ದದ್ದು ಕೇಬಲ್ ಸಡಿಲ ಮಾಡುವುದು. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾದ ಮಾತನ್ನೇ ಆಡಿದ್ದಾರೆ. ಪದ ಒಂದೇ, ಅದು ಕೂತ ಜಾಗ ಬೇರೆ.

ಇದರಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಹಳೆಯದಾದದ್ದು ಸಡಿಲವಾಗುತ್ತದೆ ಅನ್ನುವುದು ನಮ್ಮೆಲ್ಲರ ಮನಸ್ಸಿನಲ್ಲಿ ಕೂತ ಮಾತು. ಕೇಬಲ್ ಹಿಗ್ಗಿದಾಗ ಅದು ನಿಜ, ಪೆಡಲ್ಲಿನ ಖಾಲಿ ನಡೆ ಹೆಚ್ಚುತ್ತದೆ. ಆದರೆ ಕ್ಲಚ್ ಪ್ಲೇಟ್ ಸವೆದಾಗ ಆಗುವುದು ತಿರುಗಾಮುರುಗ. ಪ್ಲೇಟ್ ತೆಳ್ಳಗಾದ ಹಾಗೆ ಅದನ್ನು ಒತ್ತುವ ಲೋಹದ ತಟ್ಟೆ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಬೇರಿಂಗ್ ಹೋಗಿ ಒತ್ತುವ ಅದರ ಬೆರಳುಗಳು ಬೇರಿಂಗಿನ ಕಡೆಗೆ ಬರುತ್ತವೆ, ಸಂದು ತಾನಾಗಿ ಮುಚ್ಚುತ್ತಾ ಹೋಗುತ್ತದೆ. ಅಂದರೆ ಸವೆದಷ್ಟೂ ಪೆಡಲ್ ‘ಬಿಗಿ’. ಕೈಪಿಡಿಯಲ್ಲಿ ‘ಸಡಿಲ ಕಡಿಮೆಯಾದರೆ ಸಡಿಲ ಮಾಡಿ’ ಅಂತ ಬರೆದರೆ ಓದುವವನಿಗೆ ತಲೆ ಕೆಡುತ್ತದೆ, ಅಲ್ವಾ? ಸಡಿಲ ಅನ್ನುವುದನ್ನು ಕೇಬಲ್ಲಿಗೆ ಮಾತ್ರ ಮೀಸಲಿಟ್ಟು, ಪೆಡಲ್ಲಿನದಕ್ಕೆ ಬೇರೆ ಪದ ಹುಡುಕಲೇಬೇಕು.

‘ಹಿಡಿ’ ಮತ್ತು ‘ಬಿಡು’ ಕೂಡ ಹೀಗೇ ಆಟವಾಡಿಸುತ್ತವೆ. ಬೈಕ್ ಕಲಿಸುವಾಗ ‘ಕ್ಲಚ್ ಹಿಡಿ, ಗೇರ್ ಹಾಕು’ ಅನ್ನುತ್ತೇವೆ. ಅಲ್ಲಿ ಹಿಡಿಯುವುದು ಕೈ, ಆಗ ಒಳಗೆ ಪ್ಲೇಟ್ ಬಿಡುತ್ತದೆ. ‘ಈ ಗಾಡಿ ಕ್ಲಚ್ ಚೆನ್ನಾಗಿ ಹಿಡಿಯುತ್ತೆ’ ಅಂದರೆ ಹಿಡಿಯುವುದು ಪ್ಲೇಟು. ‘ಕ್ಲಚ್ ನಿಧಾನಕ್ಕೆ ಬಿಡು’ ಅಂದಾಗ ಕಾಲು ಬಿಡುತ್ತದೆ, ಪ್ಲೇಟ್ ಹಿಡಿಯುತ್ತದೆ. ‘ಕ್ಲಚ್ ಬಿಡ್ತಾ ಇಲ್ಲ’ ಅಂದರೆ ಪೆಡಲ್ ಪೂರ್ತಿ ತುಳಿದರೂ ಪ್ಲೇಟ್ ಬಿಡುಗಡೆಯಾಗುತ್ತಿಲ್ಲ. ಮಾಡುವವನು ಯಾರು ಅನ್ನುವುದು ಬದಲಾದ ಕೂಡಲೇ ಅರ್ಥ ತಲೆಕೆಳಗಾಗುತ್ತದೆ. ಮಾತಿನಲ್ಲಿ ಇದರಿಂದ ತೊಂದರೆ ಇಲ್ಲ, ಗಾಡಿ ಎದುರಿಗೇ ಇರುತ್ತದೆ. ಬರವಣಿಗೆಯಲ್ಲಿ ನಾನು ಕಾಲಿನ ಕೆಲಸಕ್ಕೆ ‘ತುಳಿ’, ‘ಕಾಲು ತೆಗೆ’ ಅಂತ ಬರೆದು, ಹಿಡಿ–ಬಿಡುಗಳನ್ನು ಪ್ಲೇಟಿಗೆ ಬಿಟ್ಟುಕೊಟ್ಟಿದ್ದೇನೆ. ಇದು ಓದಲು ಸರಾಗವಾಗಿದೆ.

ಸ್ಲಿಪ್ ಆಗುವುದಕ್ಕೆ ‘ಜಾರುವುದು’ ಸರಿಯಾಗಿ ಕೂರುತ್ತದೆ. ಅದರ ಎದುರಿನ ತೊಂದರೆಗೆ, ಅಂದರೆ ತುಳಿದರೂ ಪ್ಲೇಟ್ ಪೂರ್ತಿ ಬಿಡದೆ ಗೇರ್ ಹಾಕುವಾಗ ಕರಕರ ಅನ್ನುವುದಕ್ಕೆ, ಒಬ್ಬರು ‘ಎಳೆಯುವುದು’ ಅಂತ ಸೂಚಿಸಿದರು. ನನಗೆ ಒಪ್ಪಿಗೆ ಇಲ್ಲ. ‘ಗಾಡಿ ಎಳೀತಿಲ್ಲ’ ಅಂದರೆ ಶಕ್ತಿ ಸಾಲದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ‘ಕ್ಲಚ್ ಎಳೆಯುತ್ತಿದೆ’ ಅಂದರೆ ಒಳ್ಳೆಯ ಸುದ್ದಿ ಅಂದುಕೊಳ್ಳುತ್ತಾರೆ. ‘ಬಿಡ್ತಾ ಇಲ್ಲ’ ಅನ್ನುವುದೇ ವಾಸಿ. ರಿವರ್ಸ್ ಗೇರ್ ಹಾಕಿದಾಗ ಇದು ಬೇಗ ಗೊತ್ತಾಗುತ್ತದೆ. ಕೇಬಲ್ ಹಿಗ್ಗಿ ಪೆಡಲ್ಲಿನ ಖಾಲಿ ನಡೆ ಜಾಸ್ತಿಯಾಗಿದ್ದರೆ ಇಲ್ಲಿ ಬಿಗಿ ಮಾಡಬೇಕು.

ಇದಕ್ಕೆ ಸೇರಿದ, ಮಲೆನಾಡಿಗೆ ಬೇಕಾದ ಇನ್ನೊಂದು ಪದ ‘ಅಂಟಿಕೊಂಡಿದೆ’. ಮಳೆಗಾಲದ ಮೂರು ನಾಲ್ಕು ತಿಂಗಳು ಶೆಡ್ಡಿನಲ್ಲೇ ನಿಂತ ಗಾಡಿಯಲ್ಲಿ ತೇವಕ್ಕೆ ತುಕ್ಕು ಹಿಡಿದು ಪ್ಲೇಟ್ ಫ್ಲೈವೀಲ್‌ಗೆ ನಿಜವಾಗಲೂ ಅಂಟಿಕೊಳ್ಳುತ್ತದೆ. ಆಗ ಕೇಬಲ್ ಎಷ್ಟು ಹೊಂದಿಸಿದರೂ ಪ್ರಯೋಜನವಿಲ್ಲ. ಹಾಗಾಗಿ ‘ಬಿಡ್ತಾ ಇಲ್ಲ’ ಮತ್ತು ‘ಅಂಟಿದೆ’ ಎರಡನ್ನೂ ಬೇರೆ ಬೇರೆಯಾಗಿಯೇ ಉಳಿಸಿಕೊಂಡಿದ್ದೇನೆ. ಗಾಡಿ ಹೊರಡುವಾಗ ಗಡಗಡ ನಡುಗುವುದಕ್ಕೆ ‘ಅದರುವುದು’ ಸಾಕು. ಟಿಡಿಯ ಎಂಜಿನ್ ರಬ್ಬರ್ ಮೇಲೆ ಕೂತಿದೆ. ಆ ರಬ್ಬರ್ ಹಳತಾದರೆ ಎಂಜಿನ್ ಅಲುಗಿ ಕೇಬಲ್ಲನ್ನೂ ಜಗ್ಗುತ್ತದೆ. ಅದರಿಕೆ ಕಂಡಾಗ ಕೇಬಲ್ಲಿಗಿಂತ ಮೊದಲು ರಬ್ಬರ್ ನೋಡಬೇಕು.

ಕೇಬಲ್ಲಿನ ಭಾಗಗಳಿಗೆ ಹೊಸ ಪದ ಬೇಡ ಅಂತ ನನ್ನ ಅಭಿಪ್ರಾಯ. ಒಳಗಿನ ತಂತಿ, ಹೊರಗಿನ ಕೊಳವೆ ಇರುವ ಈ ಬಗೆಯ ಕೇಬಲ್ಲಿಗೆ ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಅಲ್ಲಿ ಹುಡುಕಿ ಫಲವಿಲ್ಲ. ಸೈಕಲ್ ಅಂಗಡಿಯಿಂದ ಹಿಡಿದು ಬಸ್ ಗ್ಯಾರೇಜಿನವರೆಗೆ ‘ವೈರ್’, ‘ಇನ್ನರ್’, ‘ಔಟರ್’, ‘ಚೆಕ್‌ನಟ್’ ನಡೆಯುತ್ತವೆ. ಅವನ್ನು ಹಾಗೇ ಇಟ್ಟಿದ್ದೇನೆ. ಒಂದು ಕಡೆ ಮಾತ್ರ ಕನ್ನಡ ತಾನಾಗಿ ಬಂತು. ತಂತಿಯ ತುದಿಯಲ್ಲಿ ಒಂದೊಂದೇ ಎಳೆ ಕಡಿಯುತ್ತಾ ಹೋಗುವುದಕ್ಕೆ ‘ಎಳೆ ಬಿಟ್ಟಿದೆ’ ಅನ್ನುತ್ತಾರೆ. ಬಹಳ ಒಳ್ಳೆಯ ಮಾತು. ಎಳೆ ಬಿಟ್ಟ ಕೇಬಲ್ಲನ್ನು ಹೊಂದಿಸುತ್ತಾ ಕೂರಬಾರದು, ಬದಲಿಸಬೇಕು. ಕೇಬಲ್ ಮತ್ತೆ ಮತ್ತೆ ಬಿಸಿಯಾಗಿ ಸುಟ್ಟ ಗುರುತು ಕಂಡರೆ ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿಯನ್ನು (ಕರೆಂಟು ಹಾಯಲು ಹಾಕಿದ ಲೋಹದ ಪಟ್ಟಿ) ನೋಡಬೇಕು ಅನ್ನುವುದನ್ನೂ ಪುಟದಲ್ಲಿ ಸೇರಿಸಿದ್ದೇನೆ. ರಬ್ಬರ್ ಮೇಲೆ ಕೂತ ಎಂಜಿನ್ನಿಗೆ ಆ ಪಟ್ಟಿ ಕಡಿದುಹೋದರೆ ಸ್ಟಾರ್ಟರಿನ ಕರೆಂಟು ಕ್ಲಚ್ ಕೇಬಲ್, ಚೋಕ್ ಕೇಬಲ್ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ.

ಈಗ ನನ್ನ ಮುಂದಿರುವ ಪದಗಳು. ‘ಬಿಡುವು’ ಕೇಳಲು ಚೆನ್ನಾಗಿದೆ, ಬೇಕೆಂದೇ ಬಿಟ್ಟದ್ದು ಅನ್ನುವ ಅರ್ಥವೂ ಬರುತ್ತದೆ. ಆದರೆ ಈಗ ಅದು ಪೂರ್ತಿ ಸಮಯದ ಪದವಾಗಿದೆ. ‘ಪೆಡಲ್ಲಿಗೆ ಬಿಡುವಿಲ್ಲ’ ಅಂದರೆ ಗಾಡಿ ಜಾಸ್ತಿ ಓಡುತ್ತಿದೆ ಅಂದಂತೆ ಕೇಳುತ್ತದೆ. ‘ತೆರಪು’ ಒಳ್ಳೆಯ ಪದ, ಹುಡುಗರ ಬಾಯಲ್ಲಿ ಇಲ್ಲ. ‘ಸಂದು’ ಎಲ್ಲರಿಗೂ ಗೊತ್ತು, ಬೇರಿಂಗ್ ಹತ್ತಿರದ ಜಾಗಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಪೆಡಲ್ಲಿನಲ್ಲಿ ಕಾಣುವುದು ಜಾಗ ಅಲ್ಲ, ಚಲನೆ.

ನನ್ನ ಒಲವು ‘ಆಟ’ದ ಕಡೆಗೆ. ‘ಪ್ಲೇ’ ಅನ್ನುವುದನ್ನು ಹಾಗೇ ಕನ್ನಡಕ್ಕೆ ತಂದಿದ್ದೀಯ ಅಂತ ಆಕ್ಷೇಪ ಬಂದಿದೆ. ನನಗೆ ಹಾಗನ್ನಿಸುವುದಿಲ್ಲ. ಹಲ್ಲು ಆಡುತ್ತದೆ, ಗೂಟ ಆಡುತ್ತದೆ, ಕೊಡಲಿ ಕಾವು ಆಡುತ್ತದೆ ಅಂತ ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಕೂತ ಜಾಗದಲ್ಲೇ ಸ್ವಲ್ಪ ಅತ್ತಿತ್ತ ಸರಿಯುವುದು ಅನ್ನುವ ಅರ್ಥ ‘ಆಡು’ಗೆ ನಮ್ಮದೇ ಆಗಿ ಇದೆ. ಉಸಿರಾಡು, ಓಡಾಡು, ಕೈಯಾಡಿಸು ಇವುಗಳಲ್ಲೂ ಅದೇ ಬಿಡುಬೀಸಾದ ಚಲನೆ ಇದೆ. ನನ್ನ ಅನುಮಾನ ಬೇರೆ ಕಡೆಗಿದೆ. ಹಲ್ಲು ಆಡಿದರೆ ಅದು ಕೆಟ್ಟಿದೆ ಅಂತ ಅರ್ಥ. ಪೆಡಲ್ ಮುಕ್ಕಾಲು ಇಂಚು ಆಡದಿದ್ದರೆ ಕೆಟ್ಟಿದೆ ಅಂತ ಅರ್ಥ. ಬೇಕಾದ ಆಟ, ಬೇಡದ ಆಟ ಎರಡಕ್ಕೂ ಒಂದೇ ಪದ ನಡೆಯುತ್ತದೆಯೇ? ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಪೆಡಲ್ಲನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿ ನೋಡಿ. ಭಾರ ಸಿಗುವವರೆಗೆ ಮುಕ್ಕಾಲು ಇಂಚು ಆಟ ಇರಬೇಕು. ಆಟ ಕಡಿಮೆ ಇದ್ದರೆ ಕ್ಲಚ್ ಜಾರುತ್ತದೆ, ಕೇಬಲ್ ಸಡಿಲಿಸಿ. ಆಟ ಜಾಸ್ತಿ ಇದ್ದರೆ ಕ್ಲಚ್ ಬಿಡುವುದಿಲ್ಲ, ಕೇಬಲ್ ಬಿಗಿ ಮಾಡಿ. ಆಟ ಸರಿಯಾಗಿದ್ದೂ ಜಾರಿದರೆ ಪ್ಲೇಟ್ ಸವೆದಿದೆ ಅಥವಾ ಅದಕ್ಕೆ ಎಣ್ಣೆ ತಗುಲಿದೆ.’ ಇದು ನಿಮಗೆ ಒಂದೇ ಓದಿಗೆ ಅರ್ಥವಾಯಿತೇ, ದಯವಿಟ್ಟು ಹೇಳಿ.

ಇನ್ನೊಂದು ಮುಖ್ಯ ಪ್ರಶ್ನೆ ಎತ್ತಿನ ಗಾಡಿ ಕಂಡವರಿಗೆ. ಗಾಲಿಯ ಗುಂಭಕ್ಕೂ (ಗಾಲಿಯ ನಡುವಿನ ದಪ್ಪ ಭಾಗ) ಕಡಾಣಿಗೂ (ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು) ನಡುವೆ ಚೂರು ಜಾಗ ಬಿಡದಿದ್ದರೆ ಗಾಲಿ ಸಲೀಸಾಗಿ ತಿರುಗುವುದಿಲ್ಲ, ಜಾಸ್ತಿ ಬಿಟ್ಟರೆ ಓಲಾಡುತ್ತದೆ. ಬೇಕೆಂದೇ ಬಿಡುವ ಆ ಅಳತೆಗೆ ಹಾಸನ, ಅರಸೀಕೆರೆ, ಕಡೂರು ಕಡೆಯ ಬಡಗಿಗಳು ಏನೆನ್ನುತ್ತಿದ್ದರು? ಗಾಣದವರಲ್ಲಿ, ಮಗ್ಗದವರಲ್ಲಿ ಇಂಥ ಪದ ಕೇಳಿದ್ದೀರಾ? ಕೇಳಿದ್ದರೆ ಪದದ ಜೊತೆಗೆ ಅದು ಬರುವ ಒಂದು ಪೂರ್ತಿ ವಾಕ್ಯ, ಯಾವ ಊರ ಕಡೆಯದು ಅನ್ನುವುದನ್ನೂ ಬರೆಯಿರಿ. ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ. ‘ಆಟ’ ಬದಲಿಸಲು ಅವಕಾಶ ಇದೆ.